ಏಳನೇ ಟ್ಯಾಂಕು

ತನ್ನ ಮೀಸೆಗೆ ಅಡಿಟಿಪ್ಪಣಿ ಬರೆದು ಗೋಡೆಗೆ ಅಂಟಿಸಿದ ಮನುಷ್ಯನನ್ನು ನೀವು ಎಲ್ಲಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿ, ತಲೆ ಕೆಡದೆ ನಿವೃತ್ತನಾಗಿದ್ದೇನೆ. ಈ ಸಾಧನೆಗೆ ನನಗೊಂದು ಶಾಲು ಹೊದಿಸಬೇಕಿತ್ತು. ಯಾರೂ ಹೊದಿಸಲಿಲ್ಲ!

ಅಂಥವರ ಮೇಲೆ ನಾನು ಹೂಡಿದ ಒಂದು ತಮಾಷೆಯಿಂದ ನನ್ನ ಕೆಲಸವೇ ಹೋಗುವುದರಲ್ಲಿತ್ತು. ಅದನ್ನು ಹೇಳಲೆಂದೇ ಕೂತಿದ್ದೇನೆ. ಆದರೆ ಮೊದಲು ಆಸಾಮಿ ಎಂಥವರೆಂದು ತಿಳಿಯಬೇಡವೇ?

ಚಳ್ಳಕೆರೆಯ ಹೊರಗೆ ಒಂದು ಶೇಂಗಾ ಎಣ್ಣೆ ಕಂಪನಿ. ಅವರು ಲೆಕ್ಕ ವಿಭಾಗದ ಮುಖ್ಯಸ್ಥರು, ನಾನು ಸ್ಟೋರ್ ಕೀಪರ್. ಯಾವುದೋ ಸಣ್ಣ ಗಾಣ ಅಂದುಕೊಳ್ಳಬೇಡಿ, ಪಬ್ಲಿಕ್ ಕಂಪನಿ! ರಾಂಪುರದ ವ್ಯಾಪಾರಿಯಿಂದ ಹಿಡಿದು ಬಿ.ಜಿ. ಕೆರೆಯ ಮೇಷ್ಟ್ರ ಹೆಂಡತಿಯವರೆಗೆ ಯಾರ್ಯಾರೋ ಅದರ ಶೇರು ಇಟ್ಟುಕೊಂಡಿದ್ದರು. ಹಾಗಾಗಿ ವರ್ಷಕ್ಕೊಂದು ಲೆಕ್ಕ ಸಾಲದು. ಮೂರು ತಿಂಗಳಿಗೊಮ್ಮೆ ಲಾಭ ನಷ್ಟ ಬರೆದು, ಪೇಪರಿನಲ್ಲಿ ಹಾಕಿಸಿ, ಊರಿಗೆಲ್ಲ ತೋರಿಸಬೇಕು. ಅಂಗನವಾಡಿಯಲ್ಲಿ ಕೂಸನ್ನು ಆಗಾಗ ತೂಗಿ ಚೀಟಿಯಲ್ಲಿ ಬರೆಯುವುದಿಲ್ಲವೇ, ಹಾಗೆ.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಒಂದೇ, ‘ಕ್ರಮ’.

“ಹೋದ ಸಲ ಯಾವ ಕ್ರಮದಾಗೆ ಅಳೆದ್ಯೋ ಈ ಸಲನೂ ಅದೇ ಕ್ರಮದಾಗೆ ಅಳೀಬೇಕು ಕಣಲೇ. ಬದಲಿಸಿದ್ರೆ ಬದಲಿಸಿದ್ದೀನಿ ಅಂತ ಬರೀಬೇಕು. ಇಲ್ದಿದ್ರೆ ಓದೋನಿಗೆ ಮೋಸ.”

ಕಂಪನಿಗೆ ಸರಿ. ಆದರೆ ಮೀಸೆಗೆ? ವರ್ಷಗಟ್ಟಲೆ ಕಪ್ಪು ಹಚ್ಚುತ್ತಿದ್ದವರು ಒಂದು ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂತೆ ನಿಲ್ಲಿಸಿದರು. ಮೀಸೆ ಹತ್ತಿಯಂತೆ ಬೆಳ್ಳಗಾಯಿತು. ಆಫೀಸಿನಲ್ಲಿ ಗುಸುಗುಸು. ಸೋಮವಾರ ಬಂದು ನೋಡಿದರೆ ಹಾಜರಿ ಪುಸ್ತಕದ ಮೇಲಿನ ಗೋಡೆಯಲ್ಲಿ ಸಹಿ ಹಾಕಿದ ಹಾಳೆ: “ಏಪ್ರಿಲ್ ಒಂದರಿಂದ ಮೀಸೆಗೆ ಬಣ್ಣ ಹಚ್ಚುವ ಕ್ರಮವನ್ನು ಕೈಬಿಡಲಾಗಿದೆ. ಈ ತ್ರೈಮಾಸಿಕದ ಮೀಸೆಯನ್ನು ಹಿಂದಿನ ವರ್ಷದ ಮೀಸೆಯೊಂದಿಗೆ ಹೋಲಿಸುವವರು ಇದನ್ನು ಗಮನಿಸತಕ್ಕದ್ದು. ವಯಸ್ಸಿನಲ್ಲಿ ಹಠಾತ್ ಏರಿಕೆ ಇರುವುದಿಲ್ಲ.”

ಇನ್ನೊಮ್ಮೆ ತಂಗಿಯ ಮಗಳಿಗೆ ಗಂಡು ನೋಡಲು ಮೊಳಕಾಲ್ಮೂರಿಗೆ ಹೊರಟರು. ಜೊತೆಗೆ ನಾನು. ಹುಡುಗನ ಅಪ್ಪ ರೇಷ್ಮೆ ಸೀರೆ ವ್ಯಾಪಾರಿ. ಕಾಫಿ ಕೊಟ್ಟು, ಕಾಲ ಮೇಲೆ ಕಾಲು ಹಾಕಿ, “ತಿಂಗಳಿಗೆ ನೂರು ಸೀರೆ ಎದ್ದೋಗ್ತಾವೆ ಸಾಮಿ” ಎಂದರು.

“ಯಾವ ತಿಂಗಳು?” ಎಂದರು ನಮ್ಮವರು.

“ಯಾವ ತಿಂಗಳು ಅಂದ್ರೆ... ಮದುವೆ ಸೀಜನ್ ತಿಂಗಳು.”

“ಆಷಾಢದಾಗೆ?”

ವ್ಯಾಪಾರಿ ಕಾಲ ಮೇಲಿನ ಕಾಲು ಇಳಿಸಿದರು.

“ಹೋದ ವರ್ಷದ ಆಷಾಢದ್ದೂ ಹೇಳ್ರಿ, ಪಕ್ಕಪಕ್ಕದಾಗೆ ಇಟ್ಟು ನೋಡಾಣ.”

ವ್ಯಾಪಾರಿ ಲೋಟ ಕೆಳಗಿಟ್ಟರು. “ಏಮಂಡಿ, ನೀವು ಗಂಡು ನೋಡಾಕೆ ಬಂದೀರೋ, ಅಂಗಡಿ ಜಪ್ತಿ ಮಾಡಾಕೆ ಬಂದೀರೋ? ಆಷಾಢದಾಗೆ ನೊಣ ಹೊಡೀತೀವಿ, ಸಾಕಾ?”

ಸಂಬಂಧ ಮುರಿಯಿತೆಂದು ನಾನು ಚಪ್ಪಲಿ ಹುಡುಕತೊಡಗಿದೆ. ನಮ್ಮವರ ಮುಖ ಅರಳಿತ್ತು! “ಈ ಮನೆಗೆ ಹುಡುಗಿ ಕೊಡಬಹುದು ಕಣಲೇ. ಸೀಜನ್ ಲಾಭ ತಗೊಂಡು ಆಷಾಢದ ಮೇಲೆ ಸವರಲಿಲ್ಲ ನೋಡು” ಎಂದು ದಾರಿಯುದ್ದಕ್ಕೂ ಹೇಳಿದರು. ಮದುವೆಯೂ ಆಯಿತು. ಯೋಚಿಸಿದರೆ, ನಾವೆಲ್ಲ ಸವರುವವರೇ ಅಲ್ಲವೇ? ಮನೆಯಲ್ಲಿ ನಾಲ್ಕು ದಿನ ಮಾತು ಬಿಟ್ಟಿದ್ದರೂ, ಬೀದಿಯಲ್ಲಿ ಯಾರಾದರೂ ಕೇಳಿದರೆ ‘ಎಲ್ಲಾ ಆರಾಮ’ ಎಂದು ವರ್ಷದ ಸರಾಸರಿ ಹೇಳುತ್ತೇವೆ. ಅವರನ್ನು ಕೇಳಿದರೆ ಮಾತ್ರ “ಈ ಮೂರು ತಿಂಗಳು ಚೆನ್ನಾಗಿಲ್ಲ” ಎಂದೇ ಹೇಳುತ್ತಿದ್ದರು.

ಇಂಥವರನ್ನು ಏಮಾರಿಸದೆ ಬಿಡುವವನೇ ನಾನು? ಚಳ್ಳಕೆರೆಯಿಂದ ಮೊಳಕಾಲ್ಮೂರಿನ ತನಕ ನನ್ನ ಕೈಯಲ್ಲಿ ಏಮಾರದ ಗಂಡಸಿಲ್ಲ. ತ್ರೈಮಾಸಿಕ ಮುಗಿದಾಗ ಸ್ಟೋರಿನ ದಾಸ್ತಾನು ಪಟ್ಟಿ ಬರೆದುಕೊಡುವುದು ನನ್ನ ಕೆಲಸ. ಪ್ರತಿ ಸಲ ಅದರಲ್ಲೊಂದು ಸುಳ್ಳು ಸೇರಿಸುತ್ತಿದ್ದೆ. ಒಮ್ಮೆ ಖಾಲಿ ಡಬ್ಬ, ಹಿಂಡಿ ಚೀಲಗಳ ನಡುವೆ ‘ಬೆಕ್ಕು - 1’ ಎಂದು ಬರೆದೆ. ಪಟ್ಟಿ ಕೆಂಪು ಶಾಯಿಯಲ್ಲಿ ವಾಪಸ್ ಬಂತು: “ಬೆಕ್ಕು ಎರಡು. ಒಂದು ಬಸುರಿ. ಸರಿಪಡಿಸಿ.” ಗೋದಾಮಿಗೆ ಹೋಗಿ ಎಣಿಸಿದ್ದಾರೆ!

ಎಣ್ಣೆಯ ಆರು ಟ್ಯಾಂಕುಗಳನ್ನಂತೂ ತಾವೇ ಕಬ್ಬಿಣದ ಏಣಿ ಹತ್ತಿ, ಅಳತೆ ಕೋಲು ಇಳಿಬಿಟ್ಟು ನೋಡುತ್ತಿದ್ದರು. ಮೂರು ತಿಂಗಳ ಲೆಕ್ಕಕ್ಕೆ ಆಡಿಟರೂ ಹತ್ತುತ್ತಿರಲಿಲ್ಲ, ಕೇಳಿ ತಿಳಿದುಕೊಳ್ಳುತ್ತಿದ್ದರು. ಇವರು ಹತ್ತುತ್ತಿದ್ದರು. ಅದು ಅವರ ಕ್ರಮ.

ನನ್ನ ಸರ್ವೀಸು ಇನ್ನು ಎರಡು ವರ್ಷ ಉಳಿದಿದ್ದಾಗ, ಒಂದು ಜೂನ್ ತಿಂಗಳಲ್ಲಿ, ಅವರು ಹೆಂಡತಿಯ ಹರಕೆಗೆಂದು ಜಟಿಂಗ ರಾಮೇಶ್ವರನ ಬೆಟ್ಟ ಹತ್ತಿ, ಇಳಿಯುವಾಗ ಕಾಲು ಉಳುಕಿಸಿಕೊಂಡು ಮನೆಯಲ್ಲಿ ಮಲಗಿದರು. ನಾನು ಎಂದಿನಂತೆ ಪಟ್ಟಿ ಬರೆದೆ. ಟ್ಯಾಂಕು ಒಂದರಿಂದ ಆರು. ಕೆಳಗೆ, ತಮಾಷೆಗೆ, ಇಲ್ಲದ ಏಳನೆಯದು. ಅದರ ತುಂಬಾ ಎಣ್ಣೆ! ಕೆಂಪು ಶಾಯಿಗಾಗಿ ಕಾದೆ.

ಶಾಯಿ ಬರಲಿಲ್ಲ, ಫೋನು ಬಂತು. “ಏಣಿ ಹತ್ತಾಕೆ ಆಗಲ್ಲ ಕಣಲೇ. ಟ್ಯಾಂಕೆಲ್ಲ ನೋಡಿದ್ದೀಯಾ?”

“ನೋಡಿದ್ದೀನಿ ಸಾರ್.”

“ಸರಿ, ನೀನು ನೋಡಿದ್ರೆ ಸಾಕು.”

ಪಟ್ಟಿ ಕೈಗೆ ಬಂದಾಗ ಹೇಗೂ ಬೈಯುತ್ತಾರೆಂದು ನಗುತ್ತಾ ಫೋನಿಟ್ಟೆ. ಆದರೆ ಅವರ ಕೈಗೆ ಪಟ್ಟಿ ಹೋಗಲೇ ಇಲ್ಲ, ಲೆಕ್ಕ ವಿಭಾಗದ ಗುಮಾಸ್ತ ಒಟ್ಟು ಮೊತ್ತವನ್ನಷ್ಟೇ ಮನೆಗೆ ಒಯ್ದು ಸಹಿ ಹಾಕಿಸಿಕೊಂಡ. ಬೋರ್ಡು ಒಪ್ಪಿತು, ಪೇಪರಿನಲ್ಲಿ ಬಂತು. ಶೇಂಗಾ ಸೀಜನ್ ಮುಗಿದ ಆ ಮೂರು ತಿಂಗಳಲ್ಲಿ ಯಾವತ್ತೂ ನಷ್ಟ ತೋರಿಸುತ್ತಿದ್ದ ಕಂಪನಿಗೆ, ಇಲ್ಲದ ಎಣ್ಣೆಯ ಬೆಲೆಯೂ ಸೇರಿ, ಮೊದಲ ಸಲ ಲಾಭ! ಚೇರ್ಮನ್ನರು ಮೈಸೂರು ಪಾಕು ಹಂಚಿಸಿದರು. ಎಲ್ಲರೂ ತಿಂದರು. ನಾನು ನನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಬಾಯಿಬಿಟ್ಟರೆ ಕೆಲಸ ಹೋಗುತ್ತದೆ. ಮಗಳು ಇನ್ನೂ ಬಿ.ಎಡ್. ಓದುತ್ತಿದ್ದಳು.

ಮೂರನೇ ದಿನ ಅವರು ಕುಂಟುತ್ತಾ ಬಂದರು. ಕೂತವರೇ ನನ್ನ ಪಟ್ಟಿ ತರಿಸಿ, ಬೆರಳಿಟ್ಟು ಓದಿದರು. ಎದ್ದು ಕಿಟಕಿಗೆ ಹೋಗಿ, ಹೊರಗಿನ ಟ್ಯಾಂಕುಗಳನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು.

“ಏಳನೇದು ಎಲ್ಲೈತಲೇ?”

“ತಮಾಷೆಗೆ ಬರೆದೆ ಸಾರ್. ನೀವು ಹಿಡೀತೀರಿ ಅನ್ಕಂಡಿದ್ದೆ.”

ಮೇಜಿಗೆ ಮರಳಿ ಆ ಸಾಲಿನ ಮೇಲೆ ಕೆಂಪು ಶಾಯಿಯಲ್ಲಿ ಗೆರೆ ಎಳೆದರು. ಬೈದಿದ್ದರೆ ಚೆನ್ನಾಗಿತ್ತು.

“ಯಾರಿಗೂ ಗೊತ್ತಾಗಲ್ಲ ಸಾರ್” ಎಂದೆ. “ಮುಂದಿನ ಲೆಕ್ಕದಾಗೆ ಸರಿಯಾಗಿ ಆರೇ ಬರೆದ್ರೆ ತಾನಾಗೇ ಸರಿಹೋಗುತ್ತೆ.”

“ಹೋಗುತ್ತೆ. ಅಷ್ಟ್ರೊಳಗೆ ಈ ಲಾಭ ನಂಬಿ ಶೇರು ತಗೊಂಡೋನ ಗತಿ?” ಎಂದು ಪಟ್ಟಿ ಮಡಚಿ ಜೇಬಿಗಿಟ್ಟು, ಮೆಟ್ಟಿಲು ಹಿಡಿದು ಚೇರ್ಮನ್ನರ ಮಹಡಿಗೆ ಹತ್ತಿದರು. ನಾನು ಹಿಂದೆ ಹೋಗಿ ಬಾಗಿಲ ಹೊರಗೆ ನಿಂತೆ. ಮನಸ್ಸಿನಲ್ಲೇ ರಾಜೀನಾಮೆ ಪತ್ರ ಬರೆಯುತ್ತಿದ್ದೆ.

ಒಳಗೆ ಚೇರ್ಮನ್ನರ ಗುಡುಗು. “ನಿಮ್ಮನ್ನ ಡೈರೆಕ್ಟರ್ ಮಾಡೋ ಹೊತ್ನಾಗೆ ಇದೇನ್ರೀ? ಆ ಪಟ್ಟಿ ಬರೆದೋನು ಯಾರು?”

ನಾನು ಬಾಗಿಲಿಗೆ ಕೈ ಹಾಕಿದೆ. ಅಷ್ಟರಲ್ಲಿ ನಮ್ಮವರ ದನಿ ಕೇಳಿಸಿತು.

“ಯಾರ್ ಬರೆದ್ರೇನು ಸಾರ್. ಏಣಿ ಹತ್ತಿ ನೋಡಿ ಸಹಿ ಹಾಕೋದು ನನ್ನ ಕ್ರಮ. ಈ ಸಲ ಹತ್ತದೆ ಹಾಕಿದೆ. ತಪ್ಪು ನಂದು.”

ಬಾಗಿಲ ಮೇಲಿದ್ದ ಕೈ ಅಲ್ಲೇ ಉಳಿಯಿತು. ಒಳಗೆ ಹೋಗಿ ‘ನಾನು’ ಅನ್ನಬಹುದಿತ್ತು. ಅನ್ನಲಿಲ್ಲ. ಇಷ್ಟು ವರ್ಷ ಬಡಾಯಿ ಕೊಚ್ಚಿದವನು ಇದನ್ನೂ ಬರೆಯಬೇಕಲ್ಲ, ಬರೆದಿದ್ದೇನೆ.

ಬೋರ್ಡು ಮತ್ತೆ ಕೂತಿತು. ತಿದ್ದಿದ ಲೆಕ್ಕ ಪೇಪರಿನಲ್ಲಿ ಬಂತು, ಲಾಭ ಹೋಗಿ ನಷ್ಟ ಬಂತು. ಡೈರೆಕ್ಟರ್ ಕುರ್ಚಿ ಹೊರಗಿನಿಂದ ಬಂದ ಒಬ್ಬರಿಗೆ ಹೋಯಿತು. ನಾನು ಎರಡು ವರ್ಷ ಪೂರ್ತಿ ಮುಗಿಸಿ, ಹಾರ ಹಾಕಿಸಿಕೊಂಡು ನಿವೃತ್ತನಾದೆ. ಅದೆಲ್ಲ ಆಮೇಲಿನ ಮಾತು.

ಅವತ್ತು ಅವರು ಹೊರಗೆ ಬಂದು ನನ್ನನ್ನು ನೋಡಿದರು.

“ಸಾರ್, ನನ್ನ ಹೆಸರು ನೀವು ಹೇಳಲೇ ಇಲ್ಲ...” ಎಂದು ತಡವರಿಸಿದೆ.

“ಮಾತು ಸಾಕು, ಭುಜ ಕೊಡು. ಹತ್ತಿದಷ್ಟು ಸುಲಭ ಅಲ್ಲ ಇಳಿಯೋದು.”

ಭುಜ ಕೊಟ್ಟೆ. ಒಣಕಲು ಮನುಷ್ಯ, ಹಗುರ ಇರುತ್ತಾರೆ ಅಂದುಕೊಂಡಿದ್ದೆ. ಅಲ್ಲ. ಒಂದೊಂದೇ ಮೆಟ್ಟಿಲಿಗೆ ನಿಂತು, ಅವರ ಕಾಲು ಊರಿತೆಂದು ನೋಡಿಕೊಂಡು ಇಳಿದೆ. ಕೆಳಗೆ ಬಂದ ಮೇಲೂ ಅವರು ಕೈ ತೆಗೆಯಲಿಲ್ಲ. ನಾನೂ ಭುಜ ಸರಿಸಲಿಲ್ಲ.