ಮಾದಸ್ವಾಮಿಯ ಮೂರು ನಿಮಿಷದ ಮುನಿಸು

ಅತ್ತೆಮನೆಗೆ ಹೋದ ಅಳಿಯ ಮಧ್ಯಾಹ್ನ ಅಂಗಾತ ಮಲಗಬಾರದು ಎಂದು ಮಾದಸ್ವಾಮಿಗೆ ಯಾರೂ ಹೇಳಿರಲಿಲ್ಲ.

ಹನೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ರಾತ್ರಿ ಪಾಳಿ ಮುಗಿಸಿ, ಅದೇ ಕೆಂಗಣ್ಣಿನಲ್ಲಿ ಮೊದಲ ಬಸ್ಸು ಹಿಡಿದು ಅವನು ಕೊಳ್ಳೇಗಾಲಕ್ಕೆ ಬಂದಿದ್ದ. ಮದುವೆಯಾಗಿ ಮೂರೇ ತಿಂಗಳು. ಆಷಾಢಕ್ಕೆಂದು ತವರು ಸೇರಿದ್ದ ರುದ್ರಾಣಿಯನ್ನು ನಾಲ್ಕು ಗಂಟೆಯ ಬಸ್ಸಿಗೆ ಕರೆದುಕೊಂಡು ಹೊರಡಬೇಕು. ಅವಳಿಲ್ಲದ ಒಂದು ತಿಂಗಳು, ತಾನೇ ಬೇಯಿಸಿಕೊಂಡ ಉಪ್ಪಿಲ್ಲದ ಸಾರಿನ ಹಾಗೆಯೇ ಕಳೆದಿತ್ತು. ಹೆಂಡತಿಯೊಬ್ಬಳನ್ನು ಬಿಟ್ಟು ಅತ್ತೆಮನೆಯಿಂದ ಅವನಿಗೆ ಏನೂ ಬೇಕಿರಲಿಲ್ಲ. ಮದುವೆಯಲ್ಲಿ ಉಂಗುರವನ್ನೂ ಬೇಡವೆಂದು "ಬಾಯಿಲ್ಲದ ಅಳಿಯ" ಎಂಬ ಹೆಸರು ಗಳಿಸಿದ್ದ. ಆ ಹೆಸರು ಅವನಿಗೆ ಬಹಳ ಇಷ್ಟ.

ಮಾವ ಮುತ್ತಯ್ಯ ರೇಷ್ಮೆ ಸೀರೆ ನೇಯುವವರು. ಮಗ್ಗದ ಮನೆಯ ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿ, "ಒಬ್ಬಟ್ಟು ಆಗೋಗಂಟ ಒಂದ್ಗಳಿಗೆ ಒರಗಿ, ಅಳಿಯಂದ್ರೇ" ಎಂದರು. ಮಗ್ಗದ ಟಕಟಕ ಸದ್ದಿಗೆ ಮಾದಸ್ವಾಮಿ ತೊಟ್ಟಿಲ ಕೂಸಿನಂತೆ ನಿದ್ದೆ ಹೋದ.

ಎಚ್ಚರವಾದಾಗ ಅತ್ತೆ ಗುರುಸಿದ್ದಮ್ಮ ಬಾಗಿಲಲ್ಲಿ ನಿಂತಿದ್ದರು. "ಎಲೆ ಹಾಕಿವ್ನಿ, ಏಳಿ."

ಏಳಲು ಹೋದ. ಮೈ ಏಳಲಿಲ್ಲ. ಕೈ, ಕಾಲು, ನಾಲಿಗೆ ಯಾವುದೂ ಅವನ ಮಾತು ಕೇಳಲಿಲ್ಲ. ಎದೆಯ ಮೇಲೆ ಭತ್ತದ ಮೂಟೆ ಇಟ್ಟ ಹಾಗೆ. ಕಣ್ಣು ಮಾತ್ರ ತೆರೆದುಕೊಂಡು ಮೇಲಿನ ತೊಲೆಯನ್ನು ನೋಡುತ್ತಿತ್ತು.

ಇದು ಅವನಿಗೆ ಹೊಸದಲ್ಲ. ಹನೂರಿನ ಡಾಕ್ಟರು ಬಿಡಿಸಿ ಹೇಳಿದ್ದರು. ಕನಸಿನಲ್ಲಿ ಓಡುವವನು ನಿಜವಾಗಿಯೂ ಎದ್ದು ಓಡಿ ಗೋಡೆಗೆ ಹಾಯದಿರಲಿ ಎಂದು ನಿದ್ದೆಯೇ ಮೈಯನ್ನು ಕಟ್ಟಿಹಾಕಿರುತ್ತದೆ. ಒಮ್ಮೊಮ್ಮೆ ಬುದ್ಧಿ ಮೊದಲು ಎದ್ದುಬಿಡುತ್ತದೆ, ಕಟ್ಟು ಆಮೇಲೆ ಬಿಚ್ಚುತ್ತದೆ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಇದು ಹೆಚ್ಚು. ದೆವ್ವವಲ್ಲ, ಲಕ್ವವಲ್ಲ; ಎರಡು ಮೂರು ನಿಮಿಷ ಸುಮ್ಮನಿದ್ದರೆ ತಾನಾಗಿ ಸರಿಹೋಗುತ್ತದೆ.

ಸುಮ್ಮನಿದ್ದದ್ದೇ ಇಲ್ಲಿ ಕೇಡಾಯಿತು.

"ಕಣ್ ಬುಟ್ಕಂಡೇ ಅವ್ರೆ, ಮಾತಾಡ್ತಿಲ್ಲ" ಎಂದು ಅತ್ತೆ ಗಂಡನನ್ನು ಕರೆದರು. ಮುತ್ತಯ್ಯ ಬಂದರು. ಅವರ ಬೆನ್ನಿಗೇ ಪಕ್ಕದ ಮನೆಯ ಪುಟ್ಟಸಿದ್ದಯ್ಯನವರೂ ಬಂದರು. ನಾಲ್ಕು ಹೆಣ್ಣುಮಕ್ಕಳ ಮದುವೆ ಮಾಡಿ, ಅಳಿಯಂದಿರ ವಿಷಯದಲ್ಲಿ ಇಡೀ ಬೀದಿಗೆ ಪಂಡಿತರಾದವರು. ಎತ್ತು ಕೊಳ್ಳುವವರು ಹಲ್ಲು ನೋಡುವಂತೆ ಬಾಗಿ ಮಾದಸ್ವಾಮಿಯ ಮುಖ ನೋಡಿದರು.

"ಮುನಿಸು ಕಣಯ್ಯ ಇದು. ಒಬ್ಬಟ್ಟಿಗೂ ಏಳ್ನಿಲ್ಲ ಅಂದ್ರೆ ಏನೋ ಮನ್ಸಲ್ಲಿ ಮಡಿಕಂಡವ್ನೆ. ನಮ್ ಯಳಂದೂರಿನ ಅಳಿಯ ರೇಡಿಯೋಗೆ ಅಂತ ಎಲ್ಡು ದಿನ ಹಿಂಗೇ ಬಿದ್ದಿದ್ದ."

'ನನಗೇನೂ ಬೇಡ ಮಾವ' ಎಂದು ಮಾದಸ್ವಾಮಿ ಒಳಗೇ ಕೂಗಿಕೊಂಡ. ತುಟಿ ಮಿಸುಕಲಿಲ್ಲ.

"ಕೈಗಡಿಯಾರನಾ ಅಳಿಯಂದ್ರೇ?" ಮುತ್ತಯ್ಯ ಮೆತ್ತಗೆ ಕೇಳಿದರು. "ದೀಪಾವಳಿಗೆ ಕೊಡ್ಸವಾ ಅಂತಿದ್ದೆ. ಈವತ್ತೇ ಕೊಡ್ಸ್ತೀನಿ, ಏಳಿ."

ಮಾದಸ್ವಾಮಿ ತೊಲೆ ನೋಡಿದ.

"ಗಡಿಯಾರಕ್ಕೆ ರೆಪ್ಪೆನೂ ಬಡೀನಿಲ್ಲ. ಇನ್ನೂ ಮ್ಯಾಲಕ್ ಹೋಗಯ್ಯ" ಎಂದರು ಪುಟ್ಟಸಿದ್ದಯ್ಯ.

"ಸೈಕಲ್ಲು?"

ತೊಲೆ.

"ಡೈನಮೋ ಹಾಕ್ಸೇ ಕೊಡ್ಸ್ತೀನಿ."

"ಬಾಯಿಲ್ಲದ ಅಳಿಯ ಅಂತ ಊರೆಲ್ಲಾ ಹೊಗಳ್ಕಂಡ್ ಬಂದ್ರಲ್ಲ" ಎಂದು ಅತ್ತೆ ಗಂಡನನ್ನು ತಿವಿದರು. "ಬಾಯಿರೋನಾಗಿದ್ರೆ ಗಡಿಯಾರದಲ್ಲೇ ಮುಗೀತಿತ್ತು."

ಮಾದಸ್ವಾಮಿಗೆ ನಾಚಿಕೆಯಿಂದ ನೆಲದೊಳಗೆ ಇಳಿದುಹೋಗಬೇಕೆನಿಸಿತು. ಆದರೆ ಇಳಿಯುವುದಕ್ಕೂ ಮೈ ಅಲ್ಲಾಡಬೇಕಲ್ಲ. ಕಣ್ಣಂಚಿನಲ್ಲಿ ರುದ್ರಾಣಿ ಕಂಡಳು. ಬಾಗಿಲಿಗೊರಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಪಾಪ, ಅಳುತ್ತಿದ್ದಾಳೆ ಎಂದುಕೊಂಡ.

ಮುತ್ತಯ್ಯ ಸೋತು ಕೂತರು. ಪುಟ್ಟಸಿದ್ದಯ್ಯ ಗಲ್ಲ ಕೆರೆದುಕೊಂಡು ತೀರ್ಪು ಕೊಟ್ಟರು. "ಸಾಮಾನ್ಗೆ ಬಗ್ಗೋ ಆಸಾಮಿಯಲ್ಲ ಕಣಯ್ಯ ಇವ್ನು. ಹನೂರಲ್ಲಿ ಬೇಯಿಸ್ಕಂಡು ತಿಂದು ಬೇಸತ್ತವ್ನೆ. ಮನೆ ಅಳಿಯ ಆಯ್ತೀನಿ ಅಂತ ಬಾಯ್ಬುಟ್ಟು ಕೇಳಕ್ಕೆ ನಾಚ್ಕತಾವ್ನೆ."

ಗಂಡುಮಕ್ಕಳಿಲ್ಲದ ಮುತ್ತಯ್ಯನವರ ಮುಖ ಅರಳಿತು. "ಇಷ್ಟೇನಾ? ಎರಡ್ನೇ ಮಗ್ಗ ನಿಮ್ದೇ, ಅಳಿಯಂದ್ರೇ. ಆ ಕೆಲ್ಸ ಬುಟ್ಟು ಇಲ್ಲೇ ಇದ್ಬುಡಿ."

ಸರಿಯಾಗಿ ಆ ಗಳಿಗೆಗೇ ಕಟ್ಟು ಬಿಚ್ಚಿತು. ಮಾದಸ್ವಾಮಿ ಚಿಮ್ಮಿ ಎದ್ದು ಕೂತ.

"ನೋಡ್ದಾ" ಎಂದು ಪುಟ್ಟಸಿದ್ದಯ್ಯ ತೊಡೆ ತಟ್ಟಿಕೊಂಡರು.

"ಮಾವ, ಅದು ಮುನಿಸಲ್ಲ. ಮೈ ಏಳ್ನಿಲ್ಲ. ನಿದ್ದೆ ಕಟ್ಟಾಕಿತ್ತು..." ಡಾಕ್ಟರು ಹೇಳಿದ್ದನ್ನೆಲ್ಲ ಅವನು ಒಂದೇ ಉಸಿರಿಗೆ ಒಪ್ಪಿಸಿದ. ಮೂವರೂ ಮರ್ಯಾದೆಯಿಂದ ಕೇಳಿಸಿಕೊಂಡರು.

"ಮಗ್ಗ ಅಂದೇಟ್ಗೇ ಬಿಚ್ಕತಲ್ಲಪ್ಪಾ ಆ ಕಟ್ಟು" ಎಂದರು ಪುಟ್ಟಸಿದ್ದಯ್ಯ.

"ನಿಜಾನೇ ಇರ್ಲಿ" ಎಂದರು ಅತ್ತೆ. "ರಾತ್ರಿಯೆಲ್ಲಾ ನಿದ್ದೆಗೆಡೋದ್ರಿಂದ ತಾನೇ ಬರೋದು? ಅಂಥಾ ಕೆಲ್ಸ ಯಾಕೆ, ಬುಟ್ಬುಡಿ."

ಅತ್ತೆ ಮಗಳ ಟ್ರಂಕಿನಿಂದ ಸೀರೆಗಳನ್ನು ಹೊರಗೆ ತೆಗೆಯಲು ಹೋದರು. ಮಾವ ಎರಡನೇ ಮಗ್ಗದ ದೂಳು ಹೊಡೆಯಲು ಹೋದರು. ಪುಟ್ಟಸಿದ್ದಯ್ಯ ಬೀದಿಗೆ ಸುದ್ದಿ ಹೇಳಲು ಹೋದರು. ಮಗ್ಗವನ್ನೇ ಕೊಟ್ಟ ಮೇಲೆ ಗಡಿಯಾರ, ಸೈಕಲ್ಲಿನ ಮಾತು ತಾನಾಗಿ ಬಿದ್ದುಹೋಯಿತು.

ರುದ್ರಾಣಿ ಒಳಗೆ ಬಂದು ಪಕ್ಕದಲ್ಲಿ ಕೂತಳು. ಅವಳ ಕಣ್ಣಲ್ಲಿ ನೀರಿನ ಪಸೆಯೂ ಇರಲಿಲ್ಲ.

"ನಂಗಿದು ಬತ್ತದೆ ಅಂತ ನಿಂಗೆ ಗೊತ್ತಲ್ಲ. ನೀನಾದ್ರೂ ಹೇಳ್ಬಾರ್ದಾಗಿತ್ತಾ?"

"ಗೊತ್ತಿತ್ತು. ಕಾಲ್ಬೆರಳು ಹಿಡ್ದು ಜಗ್ಗಿದ್ರೆ ಎದ್ಬುಡ್ತಿದ್ರಿ."

"ಮತ್ಯಾಕೆ ಜಗ್ನಿಲ್ಲ?"

ಅವಳು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ಅಪ್ಪ ಒಳ್ಳೆ ಹದಕ್ಕೆ ಬಂದಿದ್ರು. ಮಗ್ಗಕ್ಕೂ ನೀವು ಏಳ್ದೆ ಬಿದ್ದಿದ್ರೆ ನಂಗೆ ಬೇಕಿದ್ದ ಹೊಲಿಗೆ ಮಿಷನ್ನಿಗೆ ಬಂದೇ ಬರ್ತಿದ್ರು. ಇನ್ನೊಂದು ನಿಮಿಷ ತಡ್ಕಬಾರ್ದಾಗಿತ್ತಾ?"