ಸೋರಿಕೆ ಹುಡುಕುವ ಭಾವ

ನನ್ನ ಭಾವನ ದೃಷ್ಟಿಯಲ್ಲಿ ಕುಮಟೆಯಿಂದ ಭಟ್ಕಳದವರೆಗೆ ಸೋರದ ವಸ್ತು ಒಂದೂ ಇಲ್ಲ! ಹೊಳನಗದ್ದೆಯಲ್ಲಿ ನಿವೃತ್ತರಾಗಿ ಕುಳಿತಿರುವ ಈ ಮಹಾಶಯರು, ರಾಕೆಟ್ಟಿನ ಎಂಜಿನ್ನಿಗೆ ದ್ರವ ಹೈಡ್ರೋಜನ್ ಬಿಡುವ, ತಡೆಯುವ ವಾಲ್ವುಗಳನ್ನು ಪರೀಕ್ಷಿಸುತ್ತ ಆಯುಷ್ಯ ಕಳೆದವರು. ಆಕಾಶಕ್ಕೆ ಹಾರಿದ ವಾಲ್ವುಗಳು ಅವರಿಂದ ಪಾರಾದವು, ಉಳಿದವರು ನಾವು.

ಎರಡು ಆಧಾರಗಳಿಲ್ಲದೆ ಒಂದು ಇಸವಿಯನ್ನೂ ಒಪ್ಪದ ಸಂಶೋಧಕ ನಾನು. ಭಾವನ ಕಾಲಗಣನೆಯೋ ವಾಲ್ವುಗಳದು. ತಮ್ಮ ಮದುವೆಯಾದದ್ದು ‘ದೊಡ್ಡ ವಾಲ್ವು ಸೋರಿದ ವರ್ಷ’ ಎನ್ನುತ್ತಾರೆ. ಅಕ್ಕ, ‘ಅಲ್ಲ, ನೆರೆ ಬಂದ ವರ್ಷ’ ಎನ್ನುತ್ತಾಳೆ. ಲಗ್ನಪತ್ರಿಕೆ ತೆಗೆದು ನೋಡಿದೆ. ಇಬ್ಬರದೂ ತಪ್ಪು!

ಅವರೊಡನೆ ತದಡಿಗೆ ಮೀನು ತರಲು ಹೋಗುವುದೆಂದರೆ ಶಿಕ್ಷೆ. “ಐಸ್ ಹಾಕಿ ಇಟ್ಟದ್ದು, ತಣ್ಣಗದೆ” ಎಂದಳು ಮೀನಿನಾಕೆ. ಅಷ್ಟು ಸಾಕಾಯಿತು.

“ಇದು ತಣ್ಣಗೇ? ಈ ಐಸಿನ ಮೇಲೆ ನಮ್ಮ ಹೈಡ್ರೋಜನ್ ಹೊಯ್ದರೆ ಕುದಿದು ಹಾರಿಹೋಗ್ತದೆ, ಗೊತ್ತುಂಟೇ?”

“ಹೌದ್ರಾ? ಹಾಗಾರೆ ಬಂಗಡೆ ಅದರಲ್ಲೇ ಬೇಯಿಸ್ಕಣಿ. ಗ್ಯಾಸಿನ ಖರ್ಚು ಉಳೀತು!”

ಹೊನ್ನಾವರದ ನಮ್ಮ ಮನೆಯ ನಲ್ಲಿಯಾದರೂ ಏನು ಪಾಪ ಮಾಡಿತ್ತು? ತೊಟ್ಟಿಕ್ಕುತ್ತಿತ್ತು, ಅಷ್ಟೆ. ಭಾವ ಅದರ ರಬ್ಬರಿನ ಬಿಲ್ಲೆ ಕಿತ್ತೆಸೆದು, ತಾವೇ ಉಜ್ಜಿ ಮಾಡಿದ ತಾಮ್ರದ ಬಿಲ್ಲೆ ಕೂಡಿಸಿದರು. “ರಬ್ಬರು ಚಳಿಗೆ ಗಾಜಿನ ಹಾಗೆ ಒಡೀತದೆ ಮಾರಾಯ!” ಮೇ ತಿಂಗಳ ಹೊನ್ನಾವರದಲ್ಲಿ ಯಾವ ಚಳಿ, ಸ್ವಾಮಿ? ಅಂದಿನಿಂದ ನಲ್ಲಿ ತೊಟ್ಟಿಕ್ಕುವುದನ್ನು ಬಿಟ್ಟಿದೆ. ಧಾರೆಯಾಗಿ ಸುರಿಯುತ್ತಿದೆ.

ಇದೆಲ್ಲ ನಗುವ ಮಾತಾಗಿತ್ತು, ಅಕ್ಕನ ಉಬ್ಬಸ ಹೆಚ್ಚಿ, ಮನೆಯಲ್ಲೇ ಆಮ್ಲಜನಕದ ಸಿಲಿಂಡರ್ ಇಟ್ಟುಕೊಳ್ಳಿರೆಂದು ವೈದ್ಯರು ಹೇಳುವವರೆಗೆ. ಸಿಲಿಂಡರ್ ಬಂದದ್ದೇ ತಡ, ಭಾವನ ಕಾರ್ಖಾನೆ ಮರಳಿ ತೆರೆಯಿತು! ಬೆಳಿಗ್ಗೆ ತಪಾಸಣೆ, ಊಟದ ಮುಂಚೆ ತಪಾಸಣೆ. ಆಮ್ಲಜನಕದ ಬಳಿ ಎಣ್ಣೆಯ ಪಸೆ ಸುಳಿಯಬಾರದು, ಸುಳಿದರೆ ಬೆಂಕಿ ಹತ್ತೀತು ಎಂಬ ನಿಯಮದ ಮೇರೆಗೆ ಮೀನು ಹುರಿಯುವ ಕಾವಲಿ ಹಿತ್ತಿಲಿಗೆ ಗಡೀಪಾರಾಯಿತು. ಕೊನೆಗೆ ಅಕ್ಕನ ತಲೆಯ ಕೊಬ್ಬರಿ ಎಣ್ಣೆಗೂ ನಿಷೇಧ!

“ಎಂತ ಮಾರಾಯ್ರೆ ಇದು? ತಲೆ ತೆಂಗಿನ ನಾರಾತು! ನನ್ನನ್ನೂ ರಾಕೆಟ್ಟಲ್ಲಿ ಕಳಿಸ್ತ್ರ್ಯಾ?”

“ನಿಯಮ ಅಂದ್ರೆ ನಿಯಮ.”

“ಕಟ್ಟಿಕೊಂಡದ್ದು ನಿಮ್ಮನ್ನ, ನಿಮ್ಮ ನಿಯಮವನ್ನ ಅಲ್ಲ!”

ನಾನು ಅಕ್ಕನ ಪಕ್ಷ ವಹಿಸಿದೆ. ಒಂದು ತೊಟ್ಟು ಎಣ್ಣೆಗೆ ಇಷ್ಟು ರಂಪವೇ? ಭಾವ ನನ್ನ ಅಂಗೈಯನ್ನೂ ಸೋಪು ಹಚ್ಚಿ ತೊಳೆಸಿದರು.

ಮೊನ್ನೆ ಮಧ್ಯಾಹ್ನ ನಾನಿದ್ದಾಗಲೇ ಅಕ್ಕನಿಗೆ ಉಸಿರು ಕಟ್ಟಿತು. ಭಾವ ವಾಲ್ವನ್ನು ಮೆಲ್ಲಗೆ ತಿರುಗಿಸಿ ಮಾಸ್ಕ್ ಇಟ್ಟರು. ಬಹಳ ಹೊತ್ತಿನ ಮೇಲೆ ಅವಳ ತುಟಿಗೆ ಬಣ್ಣ ಬಂತು, ಕಣ್ಣಿಗೆ ನಿದ್ದೆ ಹತ್ತಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಸುಮ್ಮನಿರೆಂದು ಸನ್ನೆ ಮಾಡಿ, ಗಡಗಡಿಸುತ್ತಿದ್ದ ಫ್ಯಾನು ನಿಲ್ಲಿಸಿ, ಮಡಿಸಿದ ಪತ್ರಿಕೆಯಿಂದ ಅವಳಿಗೆ ಗಾಳಿ ಬೀಸುತ್ತ ಕಿವಿಗೊಟ್ಟು ಕುಳಿತರು.

ನನಗೆ ರೇಗಿತು. “ಈಗಲೂ ಸೋರಿಕೆಯೇ ಭಾವ? ಸಾಕು ಮಾಡಿ!”

“ಸೋರೂದಲ್ಲ ಮಾರಾಯ,” ಎಂದರು ಪಿಸುದನಿಯಲ್ಲಿ. “ಅವಳ ಉಸ್ರು. ಫ್ಯಾನಿನ ಸದ್ದಿಗೆ ನಂಗೆ ಕೇಳೂದಿಲ್ಲ.”

ಅವರ ಕೈ ಸೋತಾಗ ಪತ್ರಿಕೆಯನ್ನು ನಾನು ಇಸಿದುಕೊಂಡೆ.