ಗ್ಯಾರಂಟಿ ಕೊಡಲಾಗದವನ ಕಷ್ಟ

ನನ್ನ ವೃತ್ತಿಯಲ್ಲಿ ನಗು ಬರುವ ಪ್ರಸಂಗಗಳಿಗೆ ಬರವಿಲ್ಲ, ಆದರೆ ಅವು ನಡೆಯುವಾಗ ನಗುವ ಸ್ಥಿತಿಯಲ್ಲಿ ಯಾರೂ ಇರುವುದಿಲ್ಲ. ನಾನು ಹೂಡಿಕೆ ಸಲಹೆಗಾರ. ಪರೀಕ್ಷೆ ಪಾಸು ಮಾಡಿ, ಸರ್ಕಾರದ ನಿಯಮದಂತೆ ನೋಂದಣಿ ಮಾಡಿಸಿಕೊಂಡು, ಯಲಹಂಕ ನ್ಯೂಟೌನಿನಲ್ಲಿ ಬೇಕರಿಯೊಂದರ ಮೇಲಿನ ಕೋಣೆಯಲ್ಲಿ ಕೂತಿದ್ದೇನೆ. ಜನ ಪಫ್ಸ್ ತಿನ್ನಲು ಬಂದು, ಹಾಗೇ ಮೇಲೆ ಹತ್ತಿ ಭವಿಷ್ಯ ಕೇಳುತ್ತಾರೆ.

೧. ಮಾರ್ಕೆಟ್ ಬಿದ್ದರೆ

ಸಲಹೆ ಕೊಡುವ ಮುಂಚೆ ಗಿರಾಕಿಗೆ ನಷ್ಟ ತಡೆದುಕೊಳ್ಳುವ ಗುಂಡಿಗೆ ಎಷ್ಟಿದೆ ಅಂತ ಕೇಳಿ ತಿಳಿದುಕೊಳ್ಳಬೇಕು, ಅದು ನಿಯಮ. ಆಗಷ್ಟೇ ನಿವೃತ್ತರಾಗಿದ್ದ ಮೇಷ್ಟ್ರೊಬ್ಬರು ಬಂದರು. ಜೀವಮಾನದ ಸಂಪಾದನೆಯೆಲ್ಲ ಒಂದೇ ಸಲ ಕೈಗೆ ಬಂದ ಗಾಬರಿಯಲ್ಲಿದ್ದರು.

“ಸಾರ್, ನೀವು ಹಾಕಿದ ದುಡ್ಡು ಒಂದೇ ತಿಂಗಳಲ್ಲಿ ಕಾಲು ಭಾಗ ಕರಗಿಹೋದರೆ ಏನ್ ಮಾಡ್ತೀರಿ? ಎಲ್ಲಾ ಮಾರ್ತೀರಾ, ಕಾಯ್ತೀರಾ, ಇನ್ನಷ್ಟು ಹಾಕ್ತೀರಾ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ನಿಮ್ಮ ಮನೆ ಎಲ್ಲಿ ಅಂದ್ರಿ?”

ಅವರ ದುಡ್ಡನ್ನು ಬ್ಯಾಂಕ್ ಠೇವಣಿಯಲ್ಲೇ ಬಿಡಲು ಹೇಳಿದೆ.

೨. ಹಣದುಬ್ಬರ

ಅಲ್ಲಾಳಸಂದ್ರ ಕೆರೆಯ ಸುತ್ತ ವಾಕಿಂಗ್ ಮಾಡುವ ಹಿರಿಯರ ಗುಂಪೊಂದು ಭಾನುವಾರ ಬೆಳಿಗ್ಗೆ ನನ್ನನ್ನು ಮಾತಿಗೆ ಕರೆದಿತ್ತು. ಬೆಲೆ ಏರುತ್ತಾ ಹೋದಂತೆ ದುಡ್ಡಿನ ಬೆಲೆ ಇಳಿಯುತ್ತದೆ ಅಂತ ಕಾಫಿಪುಡಿಯ ಉದಾಹರಣೆ ಕೊಟ್ಟು ವಿವರಿಸಿದೆ. ಹುಮ್ಮಸ್ಸು ಏರಿ, ಮುಂದಿನ ಸಾಲಿನಲ್ಲಿ ಮಂಕಿ ಕ್ಯಾಪ್ ಹಾಕಿ ಕೂತಿದ್ದ ಅಜ್ಜರನ್ನೇ ತೋರಿಸಿ, “ಈಗ ಯಜಮಾನರನ್ನೇ ತಗೊಳ್ಳಿ. ಇವತ್ತಿನ ಇವರ ಪೆನ್ಷನ್ನು ಇನ್ನಿಪ್ಪತ್ತು ವರ್ಷ ಆದ್ಮೇಲೆ ಇವರಿಗೆ ಸಾಕಾಗುತ್ತಾ?” ಅಂದೆ.

ಅಜ್ಜರು ಕ್ಯಾನ್ಸರಿಗೆ ಕೀಮೋ ಮಾಡಿಸಿಕೊಳ್ಳುತ್ತಿದ್ದರಂತೆ. ಆ ಗುಂಪಿನಲ್ಲಿ ಗೊತ್ತಿಲ್ಲದವನು ನಾನೊಬ್ಬನೇ. ಪಕ್ಕದವರು ನನ್ನ ಶರ್ಟಿನ ತುದಿ ಜಗ್ಗಿದರು.

ಅಜ್ಜರು ಮಾತ್ರ ಮುಖ ಅರಳಿಸಿಕೊಂಡು ಮುಂದಕ್ಕೆ ಬಾಗಿದರು. “ಇಪ್ಪತ್ತು ವರ್ಷ ಅಂದ್ರಲ್ಲ ಸ್ವಾಮಿ, ಅದನ್ನ ನಮ್ಮ ಡಾಕ್ಟರಿಗೆ ಒಂದ್ಸಲ ಫೋನ್ ಮಾಡಿ ಹೇಳ್ತೀರಾ?”

೩. ಗೊರಗುಂಟೆಪಾಳ್ಯದವರು

ಗೊರಗುಂಟೆಪಾಳ್ಯದಲ್ಲಿ ಲಾರಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಒಬ್ಬರು ಬಂದು, ಕೂರುವ ಮುಂಚೆಯೇ “ತಿಂಗಳಿಗೆ ಎಷ್ಟು ಗ್ಯಾರಂಟಿ?” ಅಂದರು.

“ಗ್ಯಾರಂಟಿ ಕೊಡೋ ಹಾಗಿಲ್ಲ ಸಾರ್. ಕೊಟ್ರೆ ನನ್ನ ಲೈಸೆನ್ಸೇ ಹೋಗುತ್ತೆ.”

“ನಿಮ್ಮ ಫೀಸು?”

ಹೇಳಿದೆ.

“ಅದು ಮಾತ್ರ ಗ್ಯಾರಂಟಿ, ಅಲ್ವಾ?” ಅಂತ ಎದ್ದು ಹೋದರು.

೪. ಅದೇ ಅಂಗಡಿಯವರು

ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹೆಂಡತಿ ಫೋನ್ ಮಾಡಿದರು. “ಅಣ್ಣಾ, ನಿಮ್ಮ ಕಾರ್ಡು ಇವರ ಜೇಬಲ್ಲಿ ಸಿಕ್ತು. ಅಂಗಡಿ ಬಾಗಿಲು ತೆಗೀತಿಲ್ಲ, ಊಟ ಮಾಡ್ತಿಲ್ಲ. ಟೆರೇಸಿಗೆ ಹೋಗಿ ಸುಮ್ನೆ ನಿಂತಿರ್ತಾರೆ. ನಂಗೆ ಭಯ ಆಗ್ತಿದೆ, ಒಂದ್ಸಲ ಬನ್ನಿ.”

ಹೋದೆ. ಗ್ಯಾರಂಟಿ ಕೊಡುವವನೊಬ್ಬ ಅವರಿಗೆ ಫೋನಿನಲ್ಲಿ ಸಿಕ್ಕಿದ್ದ. ಅವನು ಹೇಳಿದ ಆ್ಯಪಿನಲ್ಲಿ ಅಂಗಡಿಯ ಬಂಡವಾಳ, ಮಗಳ ಮದುವೆಗೆ ಇಟ್ಟಿದ್ದು, ಎಲ್ಲವನ್ನೂ ಹಾಕಿದ್ದರು. ಪರದೆಯ ಮೇಲೆ ಅದು ಕೋಟಿ ದಾಟಿತ್ತು. ವಾಪಸ್ ಕೇಳಿದರೆ, ಮೊದಲು ಟ್ಯಾಕ್ಸ್ ಕಟ್ಟಿ ಅಂದಿದ್ದ. ಕಟ್ಟಿದ್ದರು. ಇನ್ನೊಮ್ಮೆ ಕಟ್ಟಿ ಅಂದಿದ್ದ.

“ಇನ್ನೊಂದೇ ಸಲ ಕಟ್ಟಿದ್ರೆ ಬಂದ್ಬಿಡುತ್ತೆ ಅಲ್ವಾ ಸಾರ್? ಇಲ್ಲಿ ಕಾಣಿಸ್ತಾನೇ ಇದೆಯಲ್ಲ,” ಅಂತ ಫೋನ್ ನನ್ನ ಮುಖಕ್ಕೆ ಹಿಡಿದರು.

“ಅದು ಬರೀ ಚಿತ್ರ ಸಾರ್. ಅಲ್ಲಿ ಷೇರೂ ಇಲ್ಲ, ಕೊಳ್ಳೋರೂ ಇಲ್ಲ.”

ಅವರು ಗೋಡೆ ಕಡೆ ತಿರುಗಿ ಕೂತುಬಿಟ್ಟರು. ಹೆಂಡತಿ ಒಂದು ಕೈ ಹಿಡಿದು, ನಾನೊಂದು ಕೈ ಹಿಡಿದು ಸೈಬರ್ ಠಾಣೆಗೆ ಕರೆದುಕೊಂಡು ಹೋದೆವು. ಆ ದುಡ್ಡು ಇವತ್ತಿಗೂ ಬಂದಿಲ್ಲ ಅಂತ ಈಗಲೇ ಹೇಳಿಬಿಡುತ್ತೇನೆ. ಅಂಗಡಿಯನ್ನು ಮಾತ್ರ ಮತ್ತೆ ತೆರೆದಿದ್ದಾರೆ.

ಠಾಣೆಯಲ್ಲಿ ದೂರು ಟೈಪ್ ಮಾಡುತ್ತಿದ್ದವರು ನಡುವಯಸ್ಸಿನ ಪೊಲೀಸಿನವರು. ಬೈದರು ಕೂಡ: “ಓದು ಬರಹ ಬರೋರು ನೀವು, ಯಾರೋ ಫೋನ್ ಮಾಡಿದ್ರೆ ಕೊಟ್ಬಿಡೋದಾ?” ಅಂಗಡಿಯವರು ತಲೆ ತಗ್ಗಿಸಿದರು. “ಎಲ್ಲಿ, ಆ ಆ್ಯಪ್ ತೋರ್ಸಿ.”

ತೋರಿಸಿದರು. ಪೊಲೀಸಿನವರ ಬೆರಳು ಕೀಬೋರ್ಡಿನ ಮೇಲೆ ನಿಂತಲ್ಲೇ ನಿಂತಿತು. ಫೋನನ್ನು ಹತ್ತಿರ ಹಿಡಿದು ನೋಡಿದರು. ಹಿಂದೆ ಇನ್‌ಸ್ಪೆಕ್ಟರ್ ಕೋಣೆಯತ್ತ ಒಂದು ನೋಟ ಹರಿಸಿ, ಎದ್ದು ಬಾಗಿಲು ಮುಚ್ಚಿ ಬಂದು, ಕುರ್ಚಿಯನ್ನು ಅಂಗಡಿಯವರ ಪಕ್ಕಕ್ಕೇ ಎಳೆದುಕೊಂಡರು. ದನಿ ಇಳಿದಿತ್ತು.

“ಸಾರ್... ನಿಮಗೂ ಟ್ಯಾಕ್ಸ್ ಕಟ್ಟಿ ಅಂದ್ರಾ? ನಂಗೆ ಸಂಜೆವರೆಗೆ ಟೈಮ್ ಕೊಟ್ಟಿದಾರೆ.”

ದಿನಗಟ್ಟಲೆ ಸರಿಯಾಗಿ ಮಾತೇ ಆಡದಿದ್ದ ಮನುಷ್ಯ ತಲೆ ಎತ್ತಿದರು. ಪೊಲೀಸಿನವರ ಮಂಡಿಯ ಮೇಲೆ ಕೈಯಿಟ್ಟು, ತಮ್ಮನಿಗೆ ಹೇಳುವ ಹಾಗೆ ಹೇಳಿದರು.

“ಕಟ್ಬೇಡಿ ಸಾರ್. ನಾನು ಕಟ್ಟಿ ನೋಡಿದೀನಿ.”

ನೋಂದಣಿಯಿಲ್ಲದವರು ಹೂಡಿಕೆ ಸಲಹೆ ಕೊಡುವುದು ಕಾನೂನಿನ ಪ್ರಕಾರ ತಪ್ಪು. ಅಂಗಡಿಯವರು ಪೊಲೀಸ್ ಠಾಣೆಯಲ್ಲೇ ಕೂತು ಕೊಟ್ಟರು. ನಾನು ದೂರು ಕೊಡಲಿಲ್ಲ. ಬರೆದುಕೊಳ್ಳಬೇಕಾದವರು ಆಗಲೇ ತಮ್ಮದೇ ಹೆಸರಿನಲ್ಲಿ ಒಂದು ದೂರು ಟೈಪ್ ಮಾಡತೊಡಗಿದ್ದರು.